ಒತ್ತಡ ಅಳೆಯುವ ಉಪಕರಣಗಳಿಗೆ ಎಲ್ಲ ಕಡೆಯೂ ಐದು ವಾಲ್ವಿನ ಮ್ಯಾನಿಫೋಲ್ಡೇ ಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಜಿಗಣಿಯಲ್ಲಿರುವ ನಿಮ್ಮ ಔಷಧ ತಯಾರಿಕಾ ಘಟಕದಲ್ಲಿ 10.5 ಕೆಜಿ (ಪ್ರತಿ ಚದರ ಸೆಂ.ಮೀ.ಗೆ) ಒತ್ತಡದ ಬಾಯ್ಲರ್ ಇದೆ, ಸ್ಟೀಮ್ ಹರಿವನ್ನು ಆರಿಫಿಸ್ ಪ್ಲೇಟ್ (ಪೈಪಿನೊಳಗೆ ಕೂರುವ, ರಂಧ್ರವಿರುವ ತಟ್ಟೆ) ಹಾಗೂ ಡಿಪಿ ಟ್ರಾನ್ಸ್‌ಮಿಟರ್ (ಅದರ ಎರಡು ಬದಿಗಳ ಒತ್ತಡದ ವ್ಯತ್ಯಾಸವಾದ ಡಿಪಿಯನ್ನು ಅಳೆದು ಸಿಗ್ನಲ್ ಕೊಡುವ ಉಪಕರಣ) ಮೂಲಕ ಅಳೆಯುತ್ತೀರಿ, ಇದಲ್ಲದೆ ಚಿಲ್ಡ್ ವಾಟರ್, ಕಂಪ್ರೆಸ್ಡ್ ಏರ್, ನೈಟ್ರೋಜನ್ ಲೈನುಗಳೂ ಒಂದು ವ್ಯಾಕ್ಯೂಮ್ ಡ್ರೈಯರ್ ಕೂಡ ಇವೆ. ಎಲ್ಲದಕ್ಕೂ 6000 ಪಿಎಸ್‌ಐ ದರ್ಜೆಯ ಐದು ವಾಲ್ವಿನ ಮ್ಯಾನಿಫೋಲ್ಡ್ (ಲೈನಿಗೂ ಉಪಕರಣಕ್ಕೂ ನಡುವೆ ಕೂರುವ, ಹಲವು ವಾಲ್ವುಗಳು ಒಂದೇ ಲೋಹದ ತುಂಡಿನಲ್ಲಿರುವ ಜೋಡಣೆ) ಹಾಕಿಸುವಂತೆ ಮಾರಾಟಗಾರರು ಕೋಟೇಶನ್ ಕೊಟ್ಟಿದ್ದಾರೆ. ಅಷ್ಟು ಖರ್ಚು ನಿಜವಾಗಿಯೂ ಬೇಕೇ ಎಂಬುದು ನಿಮ್ಮ ಸಂದೇಹ. ಪೀಣ್ಯದಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡುವವನಾಗಿ ನನ್ನ ಉತ್ತರ: ಎಲ್ಲ ಕಡೆ ಬೇಡ, ಆದರೆ ಸ್ಟೀಮ್ ಲೈನಿನಲ್ಲಿ ಕೈಬಿಗಿ ಹಿಡಿಯಬೇಡಿ.

ಒತ್ತಡದ ದರ್ಜೆಯ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಾದ್ದೇ ಇಲ್ಲ. 6000 ಪಿಎಸ್‌ಐ ಎಂದರೆ ಸುಮಾರು 413 ಬಾರ್. ನಿಮ್ಮ ಯಾವ ಲೈನಿನಲ್ಲಿಯೂ ಅದರ ಹತ್ತನೇ ಒಂದು ಭಾಗದಷ್ಟು ಒತ್ತಡ ಇರಲಾರದು. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಲೈನು ಚಾಲನೆಯಲ್ಲಿರುವಾಗಲೇ ನಿಮ್ಮ ಟೆಕ್ನಿಷಿಯನ್ ಆ ಉಪಕರಣದ ಬಳಿ ನಿಂತು ಏನೇನು ಮಾಡಬೇಕಾಗುತ್ತದೆ? ಗೇಜನ್ನು ಬಿಚ್ಚಿ ಬದಲಿಸುವುದಷ್ಟೇ ಸಾಕೇ, ಸೊನ್ನೆ ಸರಿಯಿದೆಯೇ ಎಂದು ಆಗಾಗ ನೋಡಬೇಕೇ, ಅಥವಾ ಟ್ರಾನ್ಸ್‌ಮಿಟರನ್ನು ಕೆಳಗಿಳಿಸದೆ ಅಲ್ಲಿಯೇ ಕ್ಯಾಲಿಬ್ರೇಷನ್ ಮಾಡಬೇಕೇ? ಎಷ್ಟು ವಾಲ್ವುಗಳು ಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಕಂಪ್ರೆಸ್ಡ್ ಏರ್ ಮತ್ತು ನೈಟ್ರೋಜನ್ ಲೈನುಗಳ ಗೇಜುಗಳಿಗೂ ಸಾಧಾರಣ ಪ್ರೆಷರ್ ಟ್ರಾನ್ಸ್‌ಮಿಟರುಗಳಿಗೂ ಎರಡು ವಾಲ್ವಿನ ಮ್ಯಾನಿಫೋಲ್ಡ್ ಸಾಕು. ಒಂದು ಲೈನಿನಿಂದ ಬೇರ್ಪಡಿಸುತ್ತದೆ, ಇನ್ನೊಂದು ಒಳಗೆ ಉಳಿದ ಒತ್ತಡವನ್ನು ಹೊರಬಿಡುತ್ತದೆ. ಇದಕ್ಕಿಂತಲೂ ಅಗ್ಗವಾಗಲಿ ಎಂದು ಬರೀ ಒಂದು ನೀಡಲ್ ವಾಲ್ವ್ ಹಾಕಿ ಬಿಡುವ ರೂಢಿ ಬಹಳ ಕಡೆ ಇದೆ, ಅದನ್ನು ನಾನು ಒಪ್ಪುವುದಿಲ್ಲ. ವಾಲ್ವನ್ನು ಮುಚ್ಚಿದ ಮೇಲೂ ವಾಲ್ವಿಗೂ ಗೇಜಿಗೂ ನಡುವೆ ಪೂರ್ತಿ ಒತ್ತಡ ಸಿಕ್ಕಿಕೊಂಡಿರುತ್ತದೆ. ಟೆಕ್ನಿಷಿಯನ್ ಸ್ಪ್ಯಾನರ್ ಹಾಕಿ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಥ್ರೆಡ್ಡಿನ ಸಂದಿಯಿಂದ ಬುಸ್ಸೆಂದು ಗಾಳಿ ನುಗ್ಗುತ್ತದೆ, ಟೆಫ್ಲಾನ್ ಟೇಪಿನ ಚೂರುಗಳು ಮುಖಕ್ಕೆ ಸಿಡಿಯುತ್ತವೆ. ವೆಂಟ್ ವಾಲ್ವ್ ಇದ್ದರೆ ಅದನ್ನು ತೆರೆದು, ಮುಳ್ಳು ಸೊನ್ನೆಗೆ ಇಳಿದುದನ್ನು ಕಣ್ಣಾರೆ ಕಂಡು, ಆಮೇಲೆ ಬಿಚ್ಚಬಹುದು. ಇಲ್ಲಿ ಒಂದು ಎಚ್ಚರಿಕೆ: ಮುಚ್ಚಿದ ಕೋಣೆಯಲ್ಲಿ ನೈಟ್ರೋಜನ್ ವೆಂಟನ್ನು ಹಾಗೆಯೇ ಬಿಡದೆ ಕೊಳವೆಯ ಮೂಲಕ ಕಟ್ಟಡದ ಹೊರಗೆ ಒಯ್ಯಿರಿ, ಏಕೆಂದರೆ ವಾಸನೆಯಿಲ್ಲದ ಆ ಅನಿಲ ಆಮ್ಲಜನಕದ ಪಾಲನ್ನು ಕಡಿಮೆ ಮಾಡುತ್ತಿರುವುದು ಯಾರಿಗೂ ತಿಳಿಯುವುದಿಲ್ಲ.

ವ್ಯಾಕ್ಯೂಮ್ ಡ್ರೈಯರಿನ ಅಬ್ಸಲ್ಯೂಟ್ ಟ್ರಾನ್ಸ್‌ಮಿಟರಿಗೂ (ಪೂರ್ಣ ನಿರ್ವಾತವನ್ನು ಸೊನ್ನೆ ಎಂದಿಟ್ಟುಕೊಂಡು ಒತ್ತಡ ಅಳೆಯುವಂಥದು) ಎರಡು ವಾಲ್ವು ಸಾಕು. ಆದರೆ ಅದರ ವೆಂಟ್ ತೆರೆದಾಗ ಬೆಂಗಳೂರಿನಲ್ಲಿ ಸುಮಾರು 910 ಮಿಲಿಬಾರ್ ತೋರಿಸುತ್ತದೆಯೇ ಹೊರತು 1013 ಅಲ್ಲ, ಏಕೆಂದರೆ ನಾವು ಸಮುದ್ರಮಟ್ಟಕ್ಕಿಂತ 900 ಮೀಟರಿನಷ್ಟು ಎತ್ತರದಲ್ಲಿದ್ದೇವೆ. ಮಂಗಳೂರು, ಚೆನ್ನೈ ಕಡೆ ಕೆಲಸ ಕಲಿತು ಬಂದವರು ಇದನ್ನು ದೋಷವೆಂದು ಭಾವಿಸಿ ತಿದ್ದಲು ಹೋಗುವುದುಂಟು. ಅವರಿಗೆ ಮೊದಲೇ ಹೇಳಿಡಿ.

ಇನ್ನು ಡಿಪಿ ಟ್ರಾನ್ಸ್‌ಮಿಟರುಗಳು. ಮೂರು ವಾಲ್ವಿನ ಮ್ಯಾನಿಫೋಲ್ಡಿನಲ್ಲಿ ಹೈ (ಹೆಚ್ಚು ಒತ್ತಡದ) ಮತ್ತು ಲೋ (ಕಡಿಮೆ ಒತ್ತಡದ) ಬದಿಗಳಿಗೆ ಲೈನಿನಿಂದ ಬೇರ್ಪಡಿಸುವ ಒಂದೊಂದು ಐಸೊಲೇಷನ್ ವಾಲ್ವ್, ನಡುವೆ ಎರಡೂ ಬದಿಗಳ ಒತ್ತಡವನ್ನು ಸಮಗೊಳಿಸುವ ಈಕ್ವಲೈಸಿಂಗ್ ವಾಲ್ವ್ ಇರುತ್ತವೆ. ಸಾಮಾನ್ಯ ಐದು ವಾಲ್ವಿನದರಲ್ಲಿ ಇವುಗಳ ಜೊತೆಗೆ ಎರಡು ವೆಂಟ್ ವಾಲ್ವುಗಳು ಸೇರುತ್ತವೆ. ನಡುವಿನ ಆ ಈಕ್ವಲೈಸಿಂಗ್ ವಾಲ್ವೇ ಇಡೀ ಮ್ಯಾನಿಫೋಲ್ಡಿನ ಮರ್ಮಸ್ಥಾನ. ಅದು ಒಳಗೊಳಗೇ ಸ್ವಲ್ಪ ಸೋರಿದರೂ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಅಲಾರಂ ಹೊಡೆಯುವುದಿಲ್ಲ, ಟ್ರಾನ್ಸ್‌ಮಿಟರ್ ಎಂದಿನಂತೆ ಸಿಗ್ನಲ್ ಕೊಡುತ್ತಲೇ ಇರುತ್ತದೆ. ಎರಡು ಬದಿಗಳ ನಡುವಿನ ವ್ಯತ್ಯಾಸ ಮಾತ್ರ ಕುಗ್ಗಿರುತ್ತದೆ. ಹರಿವು ಡಿಪಿಯ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, 100 ಮಿಲಿಬಾರ್ ಇರಬೇಕಾದಲ್ಲಿ 81 ಮಾತ್ರ ಸಿಕ್ಕರೆ ಸ್ಟೀಮ್ ಹರಿವು ನಿಜಕ್ಕಿಂತ ಶೇಕಡಾ 10ರಷ್ಟು ಕಡಿಮೆ ದಾಖಲಾಗುತ್ತದೆ. ಬಾಯ್ಲರ್ ವಿಭಾಗದ ಲೆಕ್ಕವೂ ಉತ್ಪಾದನಾ ವಿಭಾಗದ ಲೆಕ್ಕವೂ ತಾಳೆಯಾಗದೆ ತಿಂಗಳುಗಟ್ಟಲೆ ವಾದ ನಡೆಯುವ ಘಟಕಗಳಲ್ಲಿ ನಾನು ಮೊದಲು ಅನುಮಾನಿಸುವುದು ಈ ವಾಲ್ವನ್ನೇ.

ಐದು ವಾಲ್ವಿನದರಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಎರಡೂ ಐಸೊಲೇಷನ್ ವಾಲ್ವುಗಳನ್ನೂ ಈಕ್ವಲೈಸಿಂಗ್ ವಾಲ್ವನ್ನೂ ಮುಚ್ಚಿ, ಎರಡೂ ಬದಿಯ ಒತ್ತಡವನ್ನು ಹೊರಬಿಟ್ಟು, ಲೋ ಬದಿಯ ವೆಂಟ್ ತೆರೆದೇ ಇಟ್ಟು, ಹೈ ಬದಿಯ ವೆಂಟಿನಿಂದ ಕೈಪಂಪಿನಲ್ಲಿ ಅಳತೆಯ ವ್ಯಾಪ್ತಿಯೊಳಗಿನ ಒತ್ತಡ ಕೊಟ್ಟು ಡಿಸ್‌ಪ್ಲೇ ನೋಡಿ. ಅಂಕಿ ನಿಂತಲ್ಲೇ ನಿಂತರೆ ವಾಲ್ವ್ ಗಟ್ಟಿಯಾಗಿದೆ ಎಂದರ್ಥ. ಜೋಡಣೆಗಳಲ್ಲಿ ಲೀಕ್ ಇಲ್ಲದೆಯೂ ಅಂಕಿ ಇಳಿಯುತ್ತಾ ಹೋದರೆ ಒಳಗೆ ಎಲ್ಲಿಯೋ ಸೋರುತ್ತಿದೆ. ಅದೇ ಕೈಪಂಪಿನಲ್ಲಿ ಅಲ್ಲಿಯೇ ಕ್ಯಾಲಿಬ್ರೇಷನ್ ಕೂಡ ಮುಗಿಯುತ್ತದೆ. ಆದ್ದರಿಂದ ಸ್ಟೀಮ್ ಹರಿವಿಗೆ ಐದು ವಾಲ್ವಿನದನ್ನೇ ಉಳಿಸಿಕೊಳ್ಳಿ. ಚಿಲ್ಡ್ ವಾಟರ್ ಫಿಲ್ಟರಿನ ಡಿಪಿಗೆ ಮೂರು ಧಾರಾಳವಾಗಿ ಸಾಕು. ಅಲ್ಲಿ ಬೇಕಾಗುವ ಅಲ್ಪಸ್ವಲ್ಪ ವೆಂಟಿಂಗನ್ನು ಟ್ರಾನ್ಸ್‌ಮಿಟರಿನ ಮೈಮೇಲೆಯೇ ಇರುವ ಬ್ಲೀಡ್ ಸ್ಕ್ರೂ ಮಾಡುತ್ತದೆ.

ಸ್ಟೀಮ್ ವಿಷಯದಲ್ಲಿ ಮ್ಯಾನಿಫೋಲ್ಡ್ ಎಷ್ಟು ಮುಖ್ಯವೋ ಅದನ್ನು ತಿರುಗಿಸುವ ಕ್ರಮವೂ ಅಷ್ಟೇ ಮುಖ್ಯ. ಟ್ರಾನ್ಸ್‌ಮಿಟರನ್ನು ಬಿಸಿಯಿಂದ ಕಾಪಾಡುವುದು ಇಂಪಲ್ಸ್ ಲೈನಿನಲ್ಲಿ (ಮುಖ್ಯ ಪೈಪಿನಿಂದ ಟ್ರಾನ್ಸ್‌ಮಿಟರಿಗೆ ಒತ್ತಡ ತಲುಪಿಸುವ ಸಣ್ಣ ಕೊಳವೆಯಲ್ಲಿ) ನಿಂತ ನೀರು, ಆದ್ದರಿಂದ ಚಾಲನೆಗೆ ಮುನ್ನ ಎರಡೂ ಲೈನುಗಳನ್ನು ಕಂಡೆನ್ಸೇಟ್ ಪಾಟಿನ (ಸ್ಟೀಮ್ ತಣಿದು ನೀರಾಗಿ ನಿಲ್ಲುವ ಪಾತ್ರೆಯ) ಮಟ್ಟದವರೆಗೆ ನೀರಿನಿಂದ ತುಂಬಿಸಬೇಕು. ಅನಂತರ ಈಕ್ವಲೈಸಿಂಗ್ ವಾಲ್ವ್ ತೆರೆದಿರುವಾಗ ಹೈ ಬದಿಯನ್ನು ನಿಧಾನವಾಗಿ ತೆರೆದು, ಈಕ್ವಲೈಸಿಂಗನ್ನು ಮುಚ್ಚಿ, ಕೊನೆಗೆ ಲೋ ಬದಿಯನ್ನು ತೆರೆಯಬೇಕು. ಸೇವೆಯಿಂದ ತೆಗೆಯುವಾಗ ಇದೇ ಕ್ರಮ ಹಿಂದುಮುಂದು. ಮೂರೂ ಒಂದೇ ಸಮಯದಲ್ಲಿ ತೆರೆದಿದ್ದರೆ ಹೈ ಬದಿಯ ನೀರು ಲೋ ಬದಿಗೆ ತಳ್ಳಲ್ಪಟ್ಟು ಅದರ ಬೆನ್ನಿಗೇ ಸ್ಟೀಮ್ ನುಗ್ಗುತ್ತದೆ. ನಿಮ್ಮ ಒತ್ತಡದಲ್ಲಿ ಸ್ಟೀಮಿನ ಉಷ್ಣತೆ ಸುಮಾರು 185 ಡಿಗ್ರಿ ಸೆಲ್ಸಿಯಸ್. ಸಿಲಿಕೋನ್ ಎಣ್ಣೆ ತುಂಬಿದ ಬಹುತೇಕ ಟ್ರಾನ್ಸ್‌ಮಿಟರುಗಳು ತಾಳುವುದು 120ರ ಆಸುಪಾಸು.

ವಾಲ್ವಿನ ಕಡ್ಡಿಯ ಸುತ್ತ ಸೋರದಂತೆ ತುಂಬುವ ಪ್ಯಾಕಿಂಗ್ ವಿಚಾರದಲ್ಲಿ ಟೆಫ್ಲಾನ್ ಸುಮಾರು 230 ಡಿಗ್ರಿಯವರೆಗೆ ಬಾಳುತ್ತದೆ, ಗ್ರಾಫೈಟ್ ಅದಕ್ಕಿಂತ ಬಹಳ ಮೇಲಕ್ಕೂ ಹೋಗುತ್ತದೆ. ಸ್ಟೀಮಿಗೆ ಗ್ರಾಫೈಟ್ ಪ್ಯಾಕಿಂಗ್ ಮತ್ತು ಲೋಹದ ಸೀಟ್ ಕೇಳಿ. ದುಬಾರಿಯದು ಒಳ್ಳೆಯದೆಂದು ಗ್ರಾಫೈಟನ್ನೇ ಎಲ್ಲ ಕಡೆ ಹಾಕಿಸಬೇಡಿ. ಅದರ ಗ್ಲ್ಯಾಂಡನ್ನು (ಪ್ಯಾಕಿಂಗನ್ನು ಒತ್ತಿ ಹಿಡಿಯುವ ಭಾಗವನ್ನು) ಆಗಾಗ ಬಿಗಿಮಾಡಬೇಕಾಗುತ್ತದೆ, ನೈಟ್ರೋಜನ್ ಲೈನಿನಲ್ಲಿ ಟೆಫ್ಲಾನೇ ಹೆಚ್ಚು ನಿಶ್ಚಿಂತೆ. ಲೋಹ 316 ಸ್ಟೇನ್‌ಲೆಸ್ ಸ್ಟೀಲ್ ಆದರೆ ಸಾಕು. ಎಲ್ಲಿಯಾದರೂ ಹೈಡ್ರೋಕ್ಲೋರಿಕ್ ಆಮ್ಲದ ಲೈನು ಇದ್ದರೆ ಆ ಮಾತು ಅನ್ವಯಿಸುವುದಿಲ್ಲ, ಅದನ್ನು ಪ್ರತ್ಯೇಕವಾಗಿ ವಿಚಾರಿಸಿ.

ಮ್ಯಾನಿಫೋಲ್ಡ್ ಇದೆಯೆಂದು ಮುಖ್ಯ ಪೈಪಿನ ಮೇಲಿನ ರೂಟ್ ವಾಲ್ವನ್ನು ಕೈಬಿಡಲು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಸ್ಟೀಮ್ ಪೈಪಿನ ಆ ವಾಲ್ವಿಗೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಫಾರ್ಮ್ 3-ಸಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಅದರಿಂದ ಮುಂದಕ್ಕೆ ಏನೇನು ಐಬಿಆರ್ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಆರ್ಡರ್ ಕೊಡುವ ಮೊದಲೇ ಬಾಯ್ಲರ್ ಇನ್‌ಸ್ಪೆಕ್ಟರ್ ಬಳಿ ಖಚಿತಪಡಿಸಿಕೊಳ್ಳುವುದು ಜಾಣತನ. ಮ್ಯಾನಿಫೋಲ್ಡಿನ ಮೈಮೇಲೆ ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಗುರುತು) ಕೊರೆದಿರಬೇಕು, ಅದೇ ನಂಬರ್ ಮೆಟೀರಿಯಲ್ ಸರ್ಟಿಫಿಕೇಟಿನಲ್ಲಿಯೂ ಇರಬೇಕು. ತುರ್ತಿಗೆಂದು ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಕೊಂಡ ಫಿಟ್ಟಿಂಗುಗಳಲ್ಲಿ ಇದು ಸಿಗುವುದು ಅಪರೂಪ, ಸ್ಟೀಮಿಗೆ ಅವು ಬೇಡ.

ಕೊನೆಯದಾಗಿ ಜೋಡಣೆ. ನೇರವಾಗಿ ಟ್ರಾನ್ಸ್‌ಮಿಟರಿಗೆ ಕೂರುವ ಮ್ಯಾನಿಫೋಲ್ಡಿನ ಎರಡು ರಂಧ್ರಗಳ ನಡುವಿನ ಅಂತರ 54 ಮಿ.ಮೀ., ಇದಕ್ಕೆ ಐಇಸಿ 61518 ಎಂಬ ಮಾನದಂಡವಿದೆ. ಅಂತರ ಹೊಂದಿದರೂ ಬೋಲ್ಟುಗಳು ಕೈಕೊಡುತ್ತವೆ: ಕೆಲವು ಟ್ರಾನ್ಸ್‌ಮಿಟರುಗಳಿಗೆ 7/16 ಇಂಚಿನ ಯುಎನ್‌ಎಫ್ ಥ್ರೆಡ್, ಕೆಲವಕ್ಕೆ ಎಂ10. ಟ್ರಾನ್ಸ್‌ಮಿಟರಿನ ಪೂರ್ತಿ ಮಾಡೆಲ್ ಕೋಡನ್ನು ಮಾರಾಟಗಾರರಿಗೆ ಬರೆದು ಕೊಟ್ಟು, ಬೋಲ್ಟ್ ಮತ್ತು ಸೀಲ್ ರಿಂಗುಗಳನ್ನು ಅವರಿಂದಲೇ ಸೇರಿಸಿ ಪಡೆಯಿರಿ. ಆ ಕೋಡನ್ನು ಇಲ್ಲಿ ಹಾಕಿದರೆ ಯಾವ ಬೋಲ್ಟ್ ಬರುತ್ತದೆಂದು ನೋಡಿ ತಿಳಿಸುತ್ತೇನೆ.