ಗಾಣದೆಣ್ಣೆ ಅಂಗಡಿಗೆ ಜನ ಕೂಡಿಸಬೇಕೇ? ಬಿಲ್ ಬುಕ್ಕಿನ ನಂಬರು ಮುಟ್ಟಬೇಡಿ

ಗಾಣದೆಣ್ಣೆ ಅಂಗಡಿಯ ಸುತ್ತ ಕಮ್ಯುನಿಟಿ ಕಟ್ಟಬೇಕು, ಬಿಲ್ ಬುಕ್ಕಿನಲ್ಲಿ ಗಿರಾಕಿಗಳ 300 ನಂಬರಿದೆ, ಎಲ್ಲರನ್ನೂ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಲೇ, ಇಲ್ಲಾ ತಿಂಗಳಿಗೆ 5,000 ರೂಪಾಯಿ ಇನ್‌ಸ್ಟಾಗ್ರಾಂ ಬೂಸ್ಟಿಗೆ (ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದಕ್ಕೆ) ಹಾಕಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ಮೊದಲನೆಯದನ್ನಂತೂ ಮಾಡಲೇಬೇಡಿ. ನಾನು ಮಾಡಿ ಕೆಟ್ಟವನು.

ತುಮಕೂರಿನಲ್ಲಿ ನನ್ನದೂ ಮರದ ಗಾಣ. 2020ರ ಲಾಕ್‌ಡೌನಿನಲ್ಲಿ ಮನೆಗೆ ಎಣ್ಣೆ ತಲುಪಿಸಲೆಂದು ಬರೆದುಕೊಂಡ ನಂಬರುಗಳಿದ್ದವು. 2021ರ ಯುಗಾದಿಯಂದು ಅವರಲ್ಲಿ 240 ಜನರನ್ನು ಕೇಳದೆ ಹೇಳದೆ ಒಂದೇ ಗ್ರೂಪಿಗೆ ತುಂಬಿದೆ. ಮೊದಲ ದಿನ ಬೇವುಬೆಲ್ಲದ ಚಿತ್ರಗಳು. ಮೂರನೇ ದಿನಕ್ಕೆ ಯಾರೋ ಸೈಟ್ ಮಾರಾಟದ ಪೋಸ್ಟರ್ ಹಾಕಿದರು, ಇನ್ಯಾರೋ ರಾಜಕೀಯ ಶುರುಮಾಡಿದರು. ವಾರ ತುಂಬುವಷ್ಟರಲ್ಲಿ ಒಬ್ಬಾತ ಗ್ರೂಪಿನಲ್ಲಿದ್ದ ಹೆಣ್ಣುಮಕ್ಕಳ ನಂಬರು ಹೆಕ್ಕಿಕೊಂಡು ರಾತ್ರಿ ಹೊತ್ತು ಮೆಸೇಜು ಕಳಿಸತೊಡಗಿದ್ದ. ಕಾಯಂ ಗಿರಾಕಿಯೊಬ್ಬರು ಅಂಗಡಿಗೆ ಬಂದು, "ಅಣ್ಣಾ, ನಂಬರ್ ಕೊಟ್ಟಿದ್ದು ಎಣ್ಣೆ ತಂದುಕೊಡೋಕೆ ಅಲ್ವಾ?" ಎಂದಷ್ಟೇ ಕೇಳಿ ಹೋದರು. ಮತ್ತೆ ಬರಲಿಲ್ಲ.

ತಪ್ಪು ಎಲ್ಲಿತ್ತು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಇದನ್ನು "ಗ್ರೂಪಿನಲ್ಲಿ ಶಿಸ್ತಿರಲಿಲ್ಲ" ಎಂದು ತಿಳಿಯುತ್ತಾರೆ. ಅಡ್ಮಿನ್ ಮಾತ್ರ ಮೆಸೇಜು ಹಾಕುವಂತೆ ಸೆಟ್ಟಿಂಗ್ ಬದಲಿಸಿದ್ದರೆ ಸೈಟಿನ ಪೋಸ್ಟರ್ ನಿಲ್ಲುತ್ತಿತ್ತು, ಆ ರಾತ್ರಿಯ ಮೆಸೇಜು ನಿಲ್ಲುತ್ತಿರಲಿಲ್ಲ. ಗ್ರೂಪಿಗೆ ಸೇರಿಸಿದ ಕ್ಷಣವೇ ಒಬ್ಬೊಬ್ಬರ ನಂಬರೂ ಉಳಿದ 239 ಜನರ ಕೈ ಸೇರಿತ್ತು. ಡೆಲಿವರಿಗೆ ಕೊಟ್ಟ ನಂಬರು ಡೆಲಿವರಿಗಷ್ಟೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ: ಯಾವ ಕೆಲಸಕ್ಕೆಂದು ಒಪ್ಪಿಗೆ ಪಡೆದಿರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ಕಾಯ್ದೆ ಬರುವ ಮೊದಲೂ ಇದು ತಪ್ಪೇ ಆಗಿತ್ತು, ನನಗೆ ತೋಚಲಿಲ್ಲ ಅಷ್ಟೇ. ಇನ್ನೊಂದು ವಿಷಯ: ಬಿಟ್ಟುಹೋದವರು ಬರೀ ಗ್ರೂಪ್ ಬಿಡಲಿಲ್ಲ. "ಲೆಫ್ಟ್" ಎಂದು ಕಾಣಿಸಿಕೊಂಡ ಮೇಲೆ ಅಂಗಡಿಗೆ ಬಂದು ನನ್ನ ಮುಖ ನೋಡಲು ಅವರಿಗೇ ಮುಜುಗರ. ಹೀಗೆ ತಿಂಗಳಿಗೆ ಎರಡು ಲೀಟರ್ ಒಯ್ಯುತ್ತಿದ್ದವರನ್ನು ನಾನೇ ಓಡಿಸಿದೆ.

ಆಮೇಲೆ ಮಾಡಿದ್ದು ಸಣ್ಣ ಕೆಲಸ. ಗಲ್ಲಾಪೆಟ್ಟಿಗೆ ಪಕ್ಕ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಹೆಸರು, ನಂಬರು, "ಗಾಣ ಆಡುವ ದಿನ ತಿಳಿಸಲೇ?" ಎಂಬ ಕಾಲಂ. ಗಿರಾಕಿಯೇ ಕೈಯಾರೆ ಬರೆಯಬೇಕು. ಬರೆದವರಿಗೆ ಮಾತ್ರ ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಮೆಸೇಜು. ಒಂದು ಪಟ್ಟಿಗೆ 256 ಜನ, ಯಾರ ನಂಬರೂ ಯಾರಿಗೂ ಕಾಣದು, ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಒಂದೇ ತೊಡಕು: ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರದಿದ್ದರೆ ಮೆಸೇಜು ತಲುಪುವುದೇ ಇಲ್ಲ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಬರೆಯುವಾಗಲೇ ಎದುರಿಗೇ ಸೇವ್ ಮಾಡಿಸಿ. ಮೆಸೇಜನ್ನು ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರಿಗೆ ತಲುಪಿದೆ ಎಂದು ಗೊತ್ತಾಗುತ್ತದೆ. ಮೂರು ಸಲ ತಲುಪದವರನ್ನು ಪಟ್ಟಿಯಿಂದ ತೆಗೆಯಿರಿ. ತಿಂಗಳಿಗೆ ಎರಡೇ ಮೆಸೇಜು. ಶುಭೋದಯ ಬೇಡ, ಹಬ್ಬದ ಶುಭಾಶಯವೂ ಬೇಡ.

ಆ ಎರಡು ಮೆಸೇಜಿನಲ್ಲಿ ಏನಿರಬೇಕು? ಅವರ ಅಡುಗೆಮನೆಯಲ್ಲಿ ನಾಳೆ ಬರಲಿರುವ ಅನುಮಾನಕ್ಕೆ ಇವತ್ತೇ ಉತ್ತರ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕೂತಾಗ "ಏನೋ ಬೆರೆಸಿದ್ದಾರೆ" ಎನ್ನುತ್ತಾರೆ. ನವೆಂಬರ್ ಕೊನೆಗೇ ತಿಳಿಸಿಬಿಟ್ಟರೆ ಅದು ತೆಂಗಿನೆಣ್ಣೆಯ ಸಹಜ ಗುಣ ಎಂದು ಅವರೇ ಪಕ್ಕದ ಮನೆಗೆ ಹೇಳುತ್ತಾರೆ. ಕಡಲೆಕಾಯಿ ಎಣ್ಣೆಯಲ್ಲಿ ಕರಿಯುವಾಗ ನೊರೆ ಉಕ್ಕುವುದು ಇನ್ನೊಂದು ದೂರು. ರಿಫೈನ್ ಮಾಡುವಾಗ ಎಣ್ಣೆಯಲ್ಲಿನ ಅಂಟನ್ನು ತೆಗೆಯುತ್ತಾರೆ, ಗಾಣದಲ್ಲಿ ತೆಗೆಯುವುದಿಲ್ಲ. ಜೊತೆಗೆ ಗಾಣ ಆಡುವಾಗ ಚಿಮುಕಿಸಿದ ನೀರಿನ ಪಸೆಯೂ ಇರುತ್ತದೆ. ಬಾಣಲೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಸಣ್ಣ ಉರಿಯಲ್ಲಿ ಕಾಯಿಸಿ ಎಂದು ಮೊದಲೇ ಹೇಳಿ. ನಾಲ್ಕು ದಿನವಾದರೂ ಎಣ್ಣೆ ತಿಳಿಯಾಗಲು ಬಿಡದೆ ಬಾಟಲಿಗೆ ತುಂಬಿದರೆ ತಳದಲ್ಲಿ ಗಸಿ ಕೂರುತ್ತದೆ, ನೊರೆಯೂ ಹೆಚ್ಚು. ಅದು ಮಾತ್ರ ನಿಮ್ಮದೇ ತಪ್ಪು, ಒಪ್ಪಿಕೊಳ್ಳಿ.

ನನ್ನ ಮೆಸೇಜುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಮುಂದಕ್ಕೆ ಕಳಿಸಿದ್ದು ಲೆಕ್ಕದ ಚೀಟಿಯ ಫೋಟೋ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಕಡಲೆಬೀಜ ಬೇಕು. ಬೀಜ ಕೆಜಿಗೆ 130 ರೂಪಾಯಿ ಎಂದಿಟ್ಟುಕೊಂಡರೆ 325 ಆಯಿತು. ಎಣ್ಣೆ ತೆಗೆದ ಮೇಲೆ 1.4 ಕೆಜಿ ಹಿಂಡಿ ಉಳಿದು ಅದು ಕೆಜಿಗೆ 40ರಂತೆ ಹೋದರೆ 56 ವಾಪಸ್. ಉಳಿದದ್ದು 269. ಇದರ ಮೇಲೆ ಕೂಲಿ, ಕರೆಂಟು, ಬಾಟಲಿ. 200ಕ್ಕೆ "ಶುದ್ಧ ಗಾಣದೆಣ್ಣೆ" ಕೊಡುತ್ತೇನೆ ಎನ್ನುವವರ ಬಗ್ಗೆ ನಾನು ಒಂದು ಮಾತೂ ಆಡಬೇಕಾಗಿ ಬರಲಿಲ್ಲ. ಲೀಟರ್, ಕೆಜಿ ಗೊಂದಲವನ್ನೂ ಅದರಲ್ಲೇ ಬಿಡಿಸಿ: ಲೀಟರ್ ಎಣ್ಣೆ ತೂಗಿದರೆ 910 ಗ್ರಾಂ ಆಸುಪಾಸು.

ನೀವು "ಕಮ್ಯುನಿಟಿ" ಎಂದಿರಲ್ಲ, ಅದು ಫೋನಿನೊಳಗೆ ಹುಟ್ಟುವುದಿಲ್ಲ ಎಂಬುದು ನನ್ನ ಹಟ. ನನ್ನಲ್ಲಿ ಹುಟ್ಟಿದ್ದು ಕೂಡುಗಾಣದಿಂದ. ನನ್ನ ಗಾಣಕ್ಕೆ ಒಂದು ಸಲಕ್ಕೆ ಹನ್ನೆರಡೂವರೆ ಕೆಜಿ ಬೀಜ ಹಿಡಿಸುತ್ತದೆ, ಅಂದರೆ ಐದು ಲೀಟರ್. ಒಂದೇ ಬೀದಿಯ ಐದು ಮನೆಯವರು ಸೇರಿ ಒಂದು ಗಾಣ ಬುಕ್ ಮಾಡುತ್ತಾರೆ. ಭಾನುವಾರ ಬೆಳಗ್ಗೆ ಅವರ ಎದುರಿಗೇ ಚಳ್ಳಕೆರೆ ಕಡೆಯ ಬೀಜದ ಮೂಟೆ ಬಿಚ್ಚಿ, ಬೂಷ್ಟು ಹಿಡಿದ ಕಾಳು, ಮುರುಟಿದ ಕಾಳು ಆರಿಸಿ ತೆಗೆದು, ಉಳಿದದ್ದನ್ನು ತೂಗಿ ಸುರಿಯುತ್ತೇವೆ. ಆರಿಸುವ ಕೆಲಸಕ್ಕೆ ಅವರೇ ಕೂರುತ್ತಾರೆ. ಬೂಷ್ಟಿನ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಗಾಣದ ಎಣ್ಣೆಗೆ ಅದನ್ನು ತೆಗೆಯುವ ಮುಂದಿನ ಹಂತವಿಲ್ಲ ಎಂಬುದು ಆಗ ಕೈಯಿಂದಲೇ ಅರ್ಥವಾಗುತ್ತದೆ. ಮುಕ್ಕಾಲು ಗಂಟೆ ಗಾಣ ಆಡುವಷ್ಟರಲ್ಲಿ ಅಡುಗೆ, ಮದುವೆ, ಮಕ್ಕಳ ಓದು ಎಲ್ಲ ಮಾತಾಗಿರುತ್ತದೆ. ಎಣ್ಣೆ ತಿಳಿಯಾಗಲು ಬಿಟ್ಟು ಗುರುವಾರ ಹಂಚುತ್ತೇವೆ. ತಿಪಟೂರಿನಿಂದ ತಮ್ಮದೇ ತೋಟದ ಕೊಬ್ಬರಿ ತರುವವರೂ ಇದ್ದಾರೆ, ಅವರಿಂದ ಬರೀ ಕೂಲಿ ತೆಗೆದುಕೊಳ್ಳುತ್ತೇನೆ. ಈ ಐದು ಮನೆಯವರು ತಾವಾಗಿ ಗ್ರೂಪ್ ಮಾಡಿಕೊಂಡರೆ ಮಾಡಿಕೊಳ್ಳಲಿ, ನೀವು ಅಡ್ಮಿನ್ ಆಗಬೇಡಿ.

ಬೂಸ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಾವಿಯಲ್ಲಿ ಕೂತವರು ಲೈಕ್ ಒತ್ತಿದರೆ ನಿಮ್ಮ ಎಣ್ಣೆ ಖರ್ಚಾಗದು, ಕೊರಿಯರಿನಲ್ಲಿ ಕಳಿಸಿದರೆ ಮುಚ್ಚಳದಲ್ಲಿ ಸೋರುತ್ತದೆ. ಹಾಕಲೇಬೇಕೆಂದರೆ ಅಂಗಡಿಯ ಸುತ್ತಲಿನ ಕೆಲವೇ ಕಿಲೋಮೀಟರ್ ಆರಿಸಿ, ಭಾನುವಾರದ ಗಾಣಕ್ಕೆ ಕರೆಯಲು ಮಾತ್ರ ಹಾಕಿ. "ಶುಗರ್ ಇಳಿಯುತ್ತದೆ", "ಹೃದಯಕ್ಕೆ ರಾಮಬಾಣ" ಎಂದೆಲ್ಲ ಬರೆಯಬೇಡಿ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. "ಕೊಲೆಸ್ಟರಾಲ್ ಇಲ್ಲದ ಎಣ್ಣೆ" ಎಂಬುದೂ ನಗೆಪಾಟಲು, ಗಿಡಮರದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ.

ನನ್ನ ಉತ್ತರ ಓದುವಷ್ಟರಲ್ಲಿ ಗ್ರೂಪ್ ಮಾಡಿಬಿಟ್ಟಿದ್ದರೆ ಹೀಗೆ ಮಾಡಿ. ಮೊದಲು ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿ. "ಕೇಳದೆ ಸೇರಿಸಿದ್ದು ತಪ್ಪಾಯಿತು, ಇವತ್ತು ಸಂಜೆ ಗ್ರೂಪ್ ಮುಚ್ಚುತ್ತೇನೆ, ಯಾರಾದರೂ ತೊಂದರೆ ಕೊಟ್ಟರೆ ನನಗೆ ಫೋನ್ ಮಾಡಿ" ಎಂದು ಒಂದೇ ಮೆಸೇಜು ಹಾಕಿ. ಸಂಜೆ ಒಬ್ಬೊಬ್ಬರನ್ನೇ ತೆಗೆದು, ಕೊನೆಗೆ ನೀವು ಹೊರಬನ್ನಿ. ಬರೀ ನೀವು ಹೊರಬಂದರೆ ಇನ್ಯಾರೋ ಅಡ್ಮಿನ್ ಆಗಿ ಗ್ರೂಪ್ ನಡೆಯುತ್ತಲೇ ಇರುತ್ತದೆ, ಅಂಗಡಿಯ ಹೆಸರಿನಲ್ಲೇ.