ಲೆಕ್ಕದ ಪುಸ್ತಕವನ್ನು ಮುಚ್ಚಿಡಿ

ಪ್ರತಿದಿನ ಪ್ರಾರ್ಥಿಸಿ, ಸತ್ಯವೇದವನ್ನು (ಬೈಬಲನ್ನು) ಓದಿ, ವಾರಕ್ಕೊಮ್ಮೆ ಉಪವಾಸವಿದ್ದರೂ ವಿಶ್ವಾಸದಲ್ಲಿ ಬೆಳೆಯುತ್ತಿಲ್ಲ, ಇನ್ನೇನನ್ನು ಸೇರಿಸಿಕೊಳ್ಳಲಿ ಎಂದು ಕೇಳಿದ್ದೀರಿ. ನಾನೂ ಇಂಥದೇ ಲೆಕ್ಕವನ್ನು ಇಟ್ಟವನು. ಓದಿದ ಅಧ್ಯಾಯಗಳಿಗೊಂದು ಕಾಲಂ, ಪ್ರಾರ್ಥಿಸಿದ ಹೊತ್ತಿಗೊಂದು ಕಾಲಂ, ತಪ್ಪಿದ ದಿನಗಳಿಗೆ ಕೆಂಪು ಗುರುತು. ಕೆಂಪು ಕಡಿಮೆಯಾದಂತೆಲ್ಲ ದೇವರಿಗೆ ಹತ್ತಿರವಾಗುತ್ತಿದ್ದೇನೆಂದು ನಂಬಿದ್ದೆ. ಸಭೆಯವರು ಪ್ರಾರ್ಥನಾಕೂಟವನ್ನು ನಡೆಸುವ ಹೊಣೆಯನ್ನು ಒಪ್ಪಿಸಿದಾಗ ಆ ನಂಬಿಕೆಗೆ ಮುದ್ರೆಯೂ ಬಿತ್ತು.

ಆಗಲೇ ನನ್ನ ಕೆಲಸ ಹೋಯಿತು. ಯಾರಿಗೂ ಹೇಳಲಿಲ್ಲ. ಅದು ಸಂಕೋಚವೆಂದು ಬಹುಕಾಲ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ನಿಜವೆಂದರೆ, ಇತರರಿಗಾಗಿ ಪ್ರಾರ್ಥಿಸುವವನ ಕುರ್ಚಿಯಿಂದ ಎದ್ದು, ಪ್ರಾರ್ಥನೆ ಬೇಡುವವರ ನಡುವೆ ಹೋಗಿ ಕೂರಲು ನನಗೆ ಮನಸ್ಸಿರಲಿಲ್ಲ. ದೇವರಿಗೆ ಹೇಳಿದರೆ ಸಾಕು, ಮನುಷ್ಯರ ಮುಂದೆ ಕೈಚಾಚುವುದು ಅವಿಶ್ವಾಸ ಎಂದು ನನಗೆ ನಾನೇ ಬೋಧಿಸಿಕೊಂಡೆ. ಅದಕ್ಕೆ ಒಗ್ಗುವ ವಚನಗಳೂ ಸಿಕ್ಕವು, ಹುಡುಕುವವನಿಗೆ ಸಿಗದಿರುತ್ತವೆಯೇ! ಕೂಟದಲ್ಲಿ ಯಾರಾದರೂ ವಿಚಾರಿಸಿದರೆ ‘ಎಲ್ಲವೂ ಕ್ಷೇಮ, ದೇವರಿಗೆ ಸ್ತೋತ್ರ’ ಎನ್ನುತ್ತಿದ್ದೆ, ಮನೆಗೆ ಬಂದು ಸಾಲ ಕೊಟ್ಟವರ ಕರೆ ಬರುತ್ತಿದ್ದ ಫೋನನ್ನು ಬೋರಲು ಹಾಕಿ ಮಲಗುತ್ತಿದ್ದೆ.

ಅದೇ ಕೂಟದಲ್ಲಿ ನನ್ನ ಗೆಳೆಯನೊಬ್ಬನಿದ್ದ. ಅವನಿಗೂ ಕೆಲಸವಿರಲಿಲ್ಲ, ಆದರೆ ಅವನು ಅದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದ. ನಿಶ್ಚಿಂತನಾಗಿ ಕಾಣುತ್ತಿದ್ದ ನನ್ನನ್ನು ನೋಡಿ ನೋಡಿ, ತನ್ನ ವಿಶ್ವಾಸವೇ ಟೊಳ್ಳೆಂದು ತೀರ್ಮಾನಿಸಿ ಅವನು ಬರುವುದನ್ನೇ ನಿಲ್ಲಿಸಿದ. ನಿಜ ತಿಳಿದ ದಿನ ಅವನು ಕೇಳಿದ್ದು ಇಷ್ಟೇ: ‘ಆಗಲೇ ಹೇಳಿದ್ದರೆ ಇಬ್ಬರೂ ಕೂಡಿ ಪ್ರಾರ್ಥಿಸಬಹುದಿತ್ತಲ್ಲ?’ ನನಗೆ ಮತ್ತೆ ಕೆಲಸ ಸಿಕ್ಕಿತು. ಆ ಸ್ನೇಹ ಮೊದಲಿನಂತಾಗಲಿಲ್ಲ.

ಯೇಸು ತನ್ನ ಶಿಷ್ಯರ ಕಾಲುಗಳನ್ನು ತೊಳೆಯುವ, ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಸೇವೆ ಮಾಡುವುದರ ಪಾಠವಾಗಿ ಓದುತ್ತೇವೆ. ಆದರೆ ಅಲ್ಲಿ ಶಿಷ್ಯನಾದ ಪೇತ್ರನು ಎಡವಿದ್ದು ತನ್ನ ಕಾಲುಗಳನ್ನು ಯೇಸು ತೊಳೆಯಲು ಬಿಡದೆ ಹಟ ಹಿಡಿದಾಗ, ಮತ್ತು ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲವೆಂಬ ಕಟುವಾದ ಉತ್ತರ ಅವನಿಗೆ ಬಂತು. ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯೊಂದರಲ್ಲಿ ಇಬ್ಬರು ದೇವಾಲಯಕ್ಕೆ ಪ್ರಾರ್ಥಿಸಲು ಬರುತ್ತಾರೆ. ಅವರಲ್ಲೊಬ್ಬನಾದ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು, ಸುಳ್ಳುಗಾರನಲ್ಲ. ವಾರಕ್ಕೆ ಎರಡಾವರ್ತಿ ಉಪವಾಸ, ಆದಾಯದಲ್ಲೆಲ್ಲ ದಶಮಾಂಶ ಎಂಬ ಅವನ ಪಟ್ಟಿಯನ್ನು ಕಥೆ ಹೇಳಿದ ಯೇಸು ಅಲ್ಲಗಳೆಯುವುದಿಲ್ಲ. ಅಷ್ಟು ಹೇಳಿಯೂ ಅವನು ದೇವರಲ್ಲಿ ಏನನ್ನೂ ಬೇಡಲಿಲ್ಲ. ದೂರದಲ್ಲಿ ನಿಂತಿದ್ದ ಇನ್ನೊಬ್ಬ, ಜನರು ಪಾಪಿಯೆಂದು ಹೀಗಳೆಯುತ್ತಿದ್ದ ಸುಂಕದವನು (ತೆರಿಗೆ ವಸೂಲಿಗಾರನು), ಕರುಣೆಯೊಂದನ್ನೇ ಬೇಡಿ ನೀತಿವಂತನೆನಿಸಿಕೊಂಡು ಮನೆಗೆ ಹೋದನು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸೇರಿಸಿಕೊಳ್ಳಲು ಏನನ್ನೂ ಹುಡುಕಬೇಡಿ. ಬೆಳೆದಿದ್ದೇನೆಯೇ ಎಂದು ದಿನವೂ ತೂಗಿ ನೋಡುವುದೂ ಕೊನೆಗೆ ತನ್ನ ಮೇಲೆಯೇ ಕಣ್ಣಿಟ್ಟುಕೊಂಡಿರುವುದಷ್ಟೇ. ಮುಂದಿನ ಕೂಟಕ್ಕೆ ಹೋದಾಗ, ನಿಮ್ಮ ಕೈಮೀರಿದ ಒಂದು ಸಂಗತಿಯನ್ನು ನಂಬಿಕಸ್ಥರೊಬ್ಬರಿಗೆ ಹೇಳಿ, ಅವರೇ ನಿಮಗಾಗಿ ಪ್ರಾರ್ಥಿಸಲಿ. ಆ ಹೊತ್ತು ಎಷ್ಟೇ ಮುಜುಗರವಾದರೂ ಮಧ್ಯೆ ಬಾಯಿ ಹಾಕಬೇಡಿ. ಉಪವಾಸವನ್ನು ಬಿಡಬೇಕಿಲ್ಲ, ಆದರೆ ಮತ್ತಾಯ 6ರಲ್ಲಿ ಹೇಳಿರುವಂತೆ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡು, ಯಾರಿಗೂ ತಿಳಿಯದಂತೆ ಮಾಡಿ, ಪುಸ್ತಕದಲ್ಲಂತೂ ಬರೆದಿಡಬೇಡಿ.