ಮೈಕಿಲ್ಲದ ಕಚೇರಿಯಲ್ಲಿ ಮೈಕು ಯಾಕೆ?

ಸಾಗರದ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ ಇದು: ದೀಪಾವಳಿ ರಜೆಯಲ್ಲಿ ಅವರೂರಿನಲ್ಲಿ ‘ಮೈಕಿಲ್ಲದ ಕಚೇರಿ’ ಅನ್ನೋ ಸಂಗೀತ ಕಾರ್ಯಕ್ರಮ ನಡೆಯಿತು. ರೇಡಿಯೊಗಾಗಿ ಧ್ವನಿಮುದ್ರಣ. ಹೋಗಿ ನೋಡಿದರೆ ವೇದಿಕೆ ತುಂಬ ಮೈಕುಗಳೇ! ಫ್ಯಾನ್ ಬಂದ್. ಕೆಮ್ಮಿದವರಿಗೆ ಕಣ್ಣಲ್ಲೇ ಗದರಿಕೆ. ಪ್ರಸಾರವಾದಾಗ ತನಿ ಆವರ್ತನಕ್ಕೆ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಕತ್ತರಿ, ಅಂಟಿಗೆ-ಪಂಟಿಗೆಯವರದು (ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ತಂಡ) ಒಂದೇ ಹಾಡು, ಅದೂ ಜೀವವಿಲ್ಲದ್ದು. “ನಾವು ಬಂದಿದ್ದು ಹಬ್ಬಕ್ಕೋ, ಪರೀಕ್ಷೆ ಕೊಠಡಿಗೋ?” ಅಂತ ಕೇಳಿದ್ದಾರೆ.

ಮೇಷ್ಟ್ರೇ, ಅಲ್ಲಿ ಇಲ್ಲದ್ದು ಸ್ಪೀಕರ್. ಮೈಕು ಇದ್ದದ್ದು ಮನೆಯಲ್ಲಿ ಕೂತು ಕೇಳುವವರಿಗಾಗಿ. ಸ್ಪೀಕರ್ ಇಟ್ಟರೆ ಅದರ ಸದ್ದು ಮತ್ತೆ ಮೈಕಿಗೆ ನುಗ್ಗಿ ಕುಂಯ್ ಅನ್ನುತ್ತದೆ. ಅದಕ್ಕೇ ಮೈಕನ್ನು ಗಾಯಕರ ಬಾಯಿಗೇ ಹಿಡಿಯಬೇಕು. ಸ್ಪೀಕರ್ ಇಲ್ಲದಿದ್ದರೆ ಸ್ವಲ್ಪ ದೂರ ಇಡಬಹುದು. ಆಗ ದನಿಯ ಜೊತೆ ಸಭಾಂಗಣದ ಗುಂಗೂ ಸಿಗುತ್ತದೆ. ದನಿ ಏರಿಳಿಸುವುದೂ ಕಲಾವಿದರ ಕೈಯಲ್ಲೇ ಉಳಿಯುತ್ತದೆ. ಗಾಯಕಿ ಮಂದ್ರಕ್ಕೆ ಇಳಿದರೆ ಮೃದಂಗದವರು ತಾವೇ ಕೈ ಹಗುರ ಮಾಡುತ್ತಾರೆ. ನಮ್ಮ ಕಡೆಯ ಥಂಡಿಗೆ ಮೃದಂಗದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ ಬೇರೆ. ನಡುನಡುವೆ ಅವರು ಕಲ್ಲಿನಿಂದ ಅಂಚು ಬಡಿಯುವುದನ್ನು, ಎಡಗಡೆ ಹಚ್ಚಿದ ರವೆಗೆ ನೀರು ಸವರುವುದನ್ನು ನೀವೂ ನೋಡಿರ್ತೀರಿ. ಆ ಟಕ್ ಟಕ್ ರೇಡಿಯೊದಲ್ಲಿ ಬಂದರೆ ನನಗಂತೂ ಖುಷಿ.

ಫ್ಯಾನ್ ವಿಷಯದಲ್ಲಿ ನಾನು ರೇಡಿಯೊದವರ ಕಡೆ. ಅದರ ಸದ್ದು ನಮ್ಮ ಕಿವಿಗೆ ಬೇಗ ರೂಢಿಯಾಗಿಬಿಡುತ್ತದೆ, ಮೈಕಿಗೆ ಆಗಲ್ಲ. ಕೆಮ್ಮನ್ನು ಆಮೇಲೆ ತೆಗೆಯಲು ಹೋದರೆ ಅದೇ ಕ್ಷಣದ ಸ್ವರಕ್ಕೂ ಪೆಟ್ಟು. ಹಾಗಾದರೆ ಜನರನ್ನು ಕರೆಯೋದೇ ಯಾಕೆ ಅನ್ನಬಹುದು. ಗೋಡೆ ನೋಡಿಕೊಂಡು ಹಾಡುವುದಕ್ಕೂ ತಲೆದೂಗುವವರ ಮುಂದೆ ಹಾಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಆಕಾಶವಾಣಿ 1954ರಲ್ಲಿ ಸಂಗೀತ ಸಮ್ಮೇಳನ ಶುರುಮಾಡಿದ್ದೂ ಹೀಗೇ: ಆಹ್ವಾನಿತರ ಮುಂದೆ ಕಚೇರಿ, ರೇಡಿಯೊದಲ್ಲಿ ಪ್ರಸಾರ.

ಕತ್ತರಿಯ ಬಗ್ಗೆ ಮಾತ್ರ ನಿಮ್ಮ ಸಿಟ್ಟು ಸರಿ. ಪ್ರಸಾರಕ್ಕೆ ಇಂತಿಷ್ಟೇ ಹೊತ್ತು ಅಂತ ಇರುತ್ತದೆ, ಒಪ್ಪೋಣ. ಆದರೆ ತನಿ ಲೆಕ್ಕ ಹಾಕಿಕೊಂಡೇ ಮುಕ್ತಾಯದ ಕಡೆ ಹೋಗುವಂಥದ್ದು. ನಡುವೆ ಕತ್ತರಿಸಿದರೆ ಕೊನೆಯ ಕೋರ್ವೆ (ತನಿ ಮುಗಿಸುವ ಲೆಕ್ಕದ ನುಡಿತ) ಎಲ್ಲಿಂದ ಬಂತು ಅಂತಲೇ ತಿಳಿಯಲ್ಲ. ಬೇಕಿದ್ದರೆ ಒಂದು ಕೀರ್ತನೆಯನ್ನೇ ಪೂರ್ತಿ ಕೈಬಿಡಲಿ.

ನನಗೆ ಜಾಸ್ತಿ ಬೇಸರವಾದದ್ದು ಅಂಟಿಗೆ-ಪಂಟಿಗೆಯವರನ್ನು ಸಾಲಾಗಿ ಮೈಕಿನ ಮುಂದೆ ಕೂರಿಸಿದ್ದಕ್ಕೆ. ಅದು ಕೂತು ಹಾಡುವ ಹಾಡೇ ಅಲ್ಲ. ದೀಪ ಆರದಂತೆ ನೋಡಿಕೊಂಡು, ರಾತ್ರಿ ಮನೆಯಿಂದ ಮನೆಗೆ ನಡೆಯುತ್ತಾ, ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡಬೇಕು. ಮನೆಯವರು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆಯಬೇಕು. ಉಣುಗೋಲಿನಾಚೆ (ಬೇಲಿಗೆ ಅಡ್ಡ ಗಳ ಹಾಕಿದ ಬಾಗಿಲು) ಸಣ್ಣಗೆ ಕೇಳಿದ ಹಾಡು ಅಂಗಳಕ್ಕೆ ಬರುವಷ್ಟರಲ್ಲಿ ದೊಡ್ಡದಾಗುತ್ತದೆ. ನಾಯಿ ಬೊಗಳುತ್ತದೆ, ಚಿಲಕ ಸದ್ದು ಮಾಡುತ್ತದೆ. ಇದನ್ನೆಲ್ಲ ಬಿಟ್ಟು ಸಾಹಿತ್ಯ, ರಾಗ ಮಾತ್ರ ಹಿಡಿದರೆ ಜೀವ ಎಲ್ಲಿಂದ ಬರಬೇಕು? ಜಗಲಿಯಲ್ಲಿ ಎರಡು ಮೈಕು ಇಟ್ಟು, ತಂಡ ಬಂದು ಹೋಗುವವರೆಗೂ ಸುಮ್ನೆ ಕೂತಿದ್ದರೆ ಸಾಕಿತ್ತು. ಸಭಾಂಗಣದ ಬಾಡಿಗೆಯೂ ಉಳೀತಿತ್ತು.

ಈ ಪತ್ರದ ಒಂದು ಪ್ರತಿಯನ್ನು ರೇಡಿಯೊದವರಿಗೂ ಕಳಿಸಿ. ಕಾರ್ಯಕ್ರಮದ ಹೆಸರು, ಪ್ರಸಾರವಾದ ದಿನ ಬರೆಯಿರಿ. ಪೂರ್ತಿ ಮುದ್ರಣ ಇಟ್ಟುಕೊಂಡಿದ್ದಾರಾ, ಆ ತನಿಯನ್ನು ಇನ್ನೊಮ್ಮೆ ಇಡಿಯಾಗಿ ಹಾಕಲು ಆಗುತ್ತಾ ಅಂತ ಕೇಳಿ. ಫ್ಯಾನಿನ ದೂರು ಮಾತ್ರ ಬೇಡ.